ಚದರಡಿ ಲೆಕ್ಕದಲ್ಲಿ ಹೋದ ಮಾನ

ರಾಯದುರ್ಗದ ಒಂದು ಟೈಲ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ಮನೆಮನೆಗೆ ಹೋಗಿ ನೆಲ ಅಳೆದು, ಹೊಸ ನೆಲ ಹಾಕಿಸಲು ಎಷ್ಟು ಖರ್ಚು ಬರುತ್ತದೆಂದು ಹೇಳುವುದು ನನ್ನ ಕೆಲಸ. ನಾನು ಹೇಳಿದಷ್ಟಕ್ಕೇ ಮುಗಿದ ಮನೆ ಒಂದೂ ಇಲ್ಲ, ಮಾನ ಉಳಿಸಿಕೊಂಡು ಬಂದ ತಿಂಗಳೂ ಇಲ್ಲ. ಮನೆಗೆ ಬಂದು ಹೇಳಿದರೆ ಹೆಂಡತಿ ಬಿದ್ದು ಬಿದ್ದು ನಗುತ್ತಾಳೆ. ನನಗೆ ಮಾತ್ರ ನೆನೆಸಿಕೊಂಡಾಗಲೆಲ್ಲ ಈಗಲೂ ಕಿವಿ ಬಿಸಿಯಾಗುತ್ತದೆ.

ಒಂದಡಿ

ನನ್ನ ಟೇಪಿನ ಮೊದಲ ಒಂದಡಿ ಮುರಿದು ಹೋಗಿತ್ತು. ಹೊಸದು ಕೇಳಿದರೆ ಅಂಗಡಿಯ ಸಾವ್ಕಾರ್ರು, "ಮನಸಿನ್ಯಾಗ ಒಂದಡಿ ಕಳಕೊಂಡು ಬರಕೊಳ್ಳಪ, ಅಷ್ಟಕ್ಕ ಹೊಸಾದ್ಯಾಕ?" ಎಂದಿದ್ದರು. ನಾನೂ ಹಾಗೇ ಕಳೆಯುತ್ತ ಬಂದೆ. ಒಂದು ಮನೆಯಲ್ಲಿ ಕೊಟ್ಟ ಚಹಾ ಕುಡಿಯುತ್ತ, ಮಾತಾಡುತ್ತ, ಕಳೆಯುವುದನ್ನೇ ಮರೆತುಬಿಟ್ಟೆ.

ಆ ಮನೆಯಾಕೆ ಮನೆಯಲ್ಲೇ ಮಿಷನ್ ಇಟ್ಟುಕೊಂಡು ಜೀನ್ಸ್ ಪ್ಯಾಂಟ್ ಹೊಲಿಯುವವರು. ಮರುದಿನ ನನ್ನ ಚೀಟಿ ಹಿಡಿದು ಅಂಗಡಿಗೇ ಬಂದರು. ಒಳಗೆ ನಾಲ್ಕೈದು ಗಿರಾಕಿಗಳಿದ್ದರು.

"ರೀ, ನಮ್ಮ ಪಡಸಾಲಿ ಹತ್ತಡಿ ಐತ್ರಿ. ನೀವು ಬಂದು ಹೋದ ಮ್ಯಾಲ ಹನ್ನೊಂದು ಹೆಂಗಾತ್ರಿ?"

"ನಿಮ್ಮ ಟೇಪು ಬಟ್ಟಿದಮ್ಮ, ಅದು ಎಳದಂಗ ಬರ್ತೈತಿ. ನಮ್ಮದು ಉಕ್ಕಿಂದು" ಎಂದು ನಾನು ಜಂಬದಿಂದ ಟೇಪು ಎಳೆದು ತೋರಿಸಿದೆ. ತುದಿಯಲ್ಲಿ ಒಂದು ಎಂಬ ಅಂಕಿಯಿಂದಲೇ ಅದು ಶುರುವಾಗಿತ್ತು.

ಆಕೆ ಅದನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. "ಪುಣ್ಯ ನಮ್ಮದು! ಇದ್ರಾಗ ನಾನು ಸೊಂಟದ ಅಳತಿ ತಗಂಡಿದ್ರ, ರಾಯದುರ್ಗದ ಗಂಡಸ್ರೆಲ್ಲ ಪ್ಯಾಂಟ್ ಕೈಯಾಗ ಹಿಡ್ಕಂಡು ಅಡ್ಡಾಡಬೇಕಾಗಿತ್ತು!"

ಬಂಡ

ಮಡಕಶಿರದಲ್ಲಿ ಸಾವ್ಕಾರ್ರ ತಮ್ಮನ ಅಂಗಡಿಯಿದೆ. ಅಲ್ಲಿ ಜನ ಸಾಲದಾಗ ನನ್ನನ್ನು ಕಳಿಸುತ್ತಾರೆ. ಅಲ್ಲೇ ಹತ್ತಿರದ ರತ್ನಗಿರಿ ಎಂಬ ಊರಿನ ಒಬ್ಬ ಅಜ್ಜಿ, ಟೈಲ್ಸಿನ ಖರ್ಚು ಕೇಳಿ ಬೆಚ್ಚಿ, ಕಲ್ಲಿನ ನೆಲವೇ ಸಾಕು ಅಂದಿದ್ದರು. ಅಳತೆಗೆ ಬರುತ್ತೇನೆಂದು ಮೂರು ಸಲ ಹೇಳಿ ಮೂರು ಸಲವೂ ಹೋಗಿರಲಿಲ್ಲ. ನಾಲ್ಕನೆಯ ಸಲ ಹೋದೆ.

ತೆಲುಗಿನಲ್ಲಿ ನೆಲಕ್ಕೆ ಹಾಸುವ ಕಲ್ಲಿಗೆ ಬಂಡ ಅನ್ನುತ್ತಾರೆ. ಆಂಧ್ರದ ಗಡಿಯವರಾದ ನಮಗೆ ಕನ್ನಡ ಮಾತಾಡುವಾಗಲೂ ಬಾಯಿಗೆ ಬರುವುದು ಅದೇ. ಬಾಗಿಲಲ್ಲಿ ಅಜ್ಜಿಯ ಸೊಸೆ ನಿಂತಿದ್ದಳು. ಶಿರಾ ಕಡೆಯಿಂದ ಹೊಸದಾಗಿ ಮದುವೆಯಾಗಿ ಬಂದವಳು, ತೆಲುಗು ಇನ್ನೂ ಕಿವಿಗೆ ಬಿದ್ದಿರಲಿಲ್ಲ.

"ಬಂಡದೋನು ಬಂದಾನ ಅಂತ ಹೇಳಮ್ಮ" ಎಂದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ ಒಳಗೆ ಕೂಗಿದಳು. "ಅತ್ತೇ, ಯಾವನೋ ಭಂಡ ಬಂದವ್ನೆ!"

"ಮನೆ ಬಾಗ್ಲಿಗೆ ಬಂದೋರ್ನ ಹಂಗನ್ಬಾರ್ದು ಕಣೇ!"

"ನಾನೆಲ್ಲಂದೆ ಅತ್ತೆ? ಅವನೇ ಹೇಳ್ಕೊಂತವ್ನೆ!"

ಅಜ್ಜಿ ಹೊರಗೆ ಬಂದು, ಕಣ್ಣಿಗೆ ಕೈ ಅಡ್ಡ ಹಿಡಿದು ನನ್ನ ಮುಖ ನೋಡಿದರು. "ಓ, ಮೂರು ಸಲ ಮಾತು ತಪ್ಪಿದೋನಾ? ಹಂಗಾದ್ರೆ ಇವತ್ತೊಂದಿನ ನಿಜ ಹೇಳವ್ನೆ. ಒಳಕ್ಕೆ ಕರಿಯೇ."

ಕಾಲು ಬೇರೆ

ಇದು ನಾನು ಬೇಕೆಂದೇ ಮಾಡಿದ್ದು, ಆದ್ದರಿಂದ ನಾಚಿಕೆಯೂ ಹೆಚ್ಚು. ಗುಮ್ಮಘಟ್ಟದ ಕಡೆಯ ಕುರಿ ಸಾಕುವ ಯಜಮಾನರೊಬ್ಬರು ಅಂಗಡಿಗೆ ಬಂದು ಟೈಲ್ಸ್ ಕೇಳಿದರು. ಚದರಡಿಗೆ ಇಷ್ಟು ಅಂದೆ. ಅವರು ಖುಷಿಯಿಂದ ಒಪ್ಪಿದರು. ಮಾಲು ಅವರ ಮನೆ ಮುಂದೆ ಇಳಿದ ಮೇಲೆ ಒಂದೊಂದೇ ಖರ್ಚು ಹೊರಗೆ ತೆಗೆದೆ. ಸಿಮೆಂಟು ಬೇರೆ, ಮರಳು ಬೇರೆ, ಮೇಸ್ತ್ರಿ ಕೂಲಿ ಬೇರೆ, ಗೋಡೆಯ ಬುಡಕ್ಕೆ ಸುತ್ತಲೂ ಹಾಕುವ ಸ್ಕರ್ಟಿಂಗ್ ಬೇರೆ. ಎಲ್ಲ ಸೇರಿ ನಾನು ಮೊದಲು ಹೇಳಿದ್ದರ ಎರಡರಷ್ಟಾಯಿತು. ಅವರು ಜಗಳ ಮಾಡಲಿಲ್ಲ. "ಮೊದಲಽ ಹೇಳಿದ್ರ ಚೊಲೊ ಇತ್ತು" ಎಂದಷ್ಟೇ ಹೇಳಿ ದುಡ್ಡು ಕೊಟ್ಟರು.

ಮುಂದೆ ಹಬ್ಬಕ್ಕೊಂದು ಕುರಿ ಬೇಕಾಗಿ, ಭಾವಮೈದುನನ ಜೊತೆ ಅವರ ಹತ್ತಿರವೇ ಹೋದೆ. ಅವರು ಹೇಳಿದ ಬೆಲೆ ಕೇಳಿ ನನಗೆ ನಂಬಿಕೆಯೇ ಬರಲಿಲ್ಲ, ಅಷ್ಟು ಕಡಿಮೆ. ಮನಸ್ಸು ಬದಲಾಯಿಸಿಯಾರೆಂದು ತಕ್ಷಣ ದುಡ್ಡು ಎಣಿಸಿ ಕೊಟ್ಟೆ.

"ಹಗ್ಗ ಬ್ಯಾರೆ ರೀ" ಅಂದರು.

"ಆಗಲಿ ಬಿಡ್ರಿ."

"ತಲಿ ಬ್ಯಾರೆ. ಕಾಲೂ ಬ್ಯಾರೆ."

"ಕಾಲು ಬ್ಯಾರೆ ಅಂದ್ರೇನ್ರಿ ಯಜಮಾನ್ರ?"

"ನೀವು ಸ್ಕರ್ಟಿಂಗ್ ಅಂದ್ರಲ್ರಿ, ಹಂಗ. ನಾ ಹೇಳಿದ್ದು ಬರೇ ನಡುವಿಂದು."

ಭಾವಮೈದುನ ಬಾಯಿಗೆ ಟವೆಲ್ ಒತ್ತಿಕೊಂಡು ಆಚೆ ತಿರುಗಿದ. ನನಗೆ ತಲೆ ಎತ್ತಲಾಗಲಿಲ್ಲ. "ತಪ್ಪಾತ್ರಿ" ಎಂದು, ಸರಿಯಾದ ಬೆಲೆ ಕೇಳಿ, ಉಳಿದ ದುಡ್ಡು ಅವರ ಕೈಗಿಟ್ಟೆ. ಅಷ್ಟರಲ್ಲಿ ಕುರಿ ಜೋರಾಗಿ ಬ್ಯಾ ಎಂದು ಕೂಗಿತು. ಯಜಮಾನರು ನನ್ನ ಹೆಗಲು ತಟ್ಟಿ, "ಅಂಜಬ್ಯಾಡ್ರಿ, ಕೂಗಾದಕ್ಕ ರೊಕ್ಕಿಲ್ಲ. ಅದು ನಮ್ಮ ಕಡಿಂದ" ಅಂದರು.

ಜ್ವರ

"ಬಳ್ಳಾರಿಯಾಗ ಇನ್ನೂ ಕಡಿಮಿ ಐತಂತಲ್ರಿ?" ಎಂದು ಕೇಳದ ಗಿರಾಕಿಯಿಲ್ಲ. ಬಳ್ಳಾರಿ ಪಕ್ಕದ ಡಿ. ಹಿರೇಹಾಳ್ ಕಡೆಯವರಂತೂ ಅಲ್ಲಿನ ರೇಟು ಬಾಯಿಪಾಠ ಮಾಡಿಕೊಂಡೇ ಬರುತ್ತಾರೆ. ಎಲ್ಲರಿಗೂ ನನ್ನದು ಒಂದೇ ಉತ್ತರ. "ಅಲ್ಲಿ ರೇಟೂ ಕಡಿಮಿ, ಮಾಲೂ ಅಷ್ಟಕ್ಕಷ್ಟಽ ರೀ. ನಾಳೆ ನಮ್ಮ ಮನಿಗೆ ಹಾಕ್ಸಿದ್ರೂ ನಾ ಇಲ್ಲೇ ತಗಳೋದು." ಸಾವ್ಕಾರ್ರು ಗಲ್ಲಾದಲ್ಲಿ ಕೂತು ಹೌದೆಂದು ತಲೆಯಾಡಿಸುತ್ತಿದ್ದರು.

ಆಮೇಲೆ ನಮ್ಮ ಮನೆಯ ಸಿಮೆಂಟ್ ನೆಲ ಕಿತ್ತುಬಂತು. ಸಾವ್ಕಾರ್ರು ಕೆಲಸದವರಿಗೆ ಬಿಡುವ ರೇಟಿನಲ್ಲೇ ಲೆಕ್ಕ ಹಾಕಿದರೂ, ಗಾಡಿ ಬಾಡಿಗೆ ಸೇರಿಸಿಯೂ ಬಳ್ಳಾರಿಯದೇ ಅಗ್ಗ ಬಿತ್ತು. ಹೆಂಡತಿ, "ನೀವು ಗಿರಾಕಿಗೆ ಹೇಳಾದು ನನ್ನ ಮುಂದ ಹೇಳಬ್ಯಾಡ್ರಿ" ಅಂದಳು. ಒಂದು ಭಾನುವಾರ ಗುಟ್ಟಾಗಿ ಹೋಗಿ ದುಡ್ಡು ಕಟ್ಟಿ ಬಂದೆ. ಮಾಲು ಬರುವ ದಿನ ಅಂಗಡಿಗೆ ಜ್ವರ ಎಂದು ಹೇಳಿ, ಸಾವ್ಕಾರ್ರು ಫೋನ್ ಮಾಡಿಯಾರೆಂದು ಫೋನನ್ನೂ ಆಫ್ ಮಾಡಿ ಬಾಗಿಲಲ್ಲಿ ಕೂತೆ.

ಮಧ್ಯಾಹ್ನ ಲಗೇಜ್ ಆಟೋ ಬಂತು. ಡ್ರೈವರ್ ಪಕ್ಕದಲ್ಲಿ ಸಾವ್ಕಾರ್ರು ಕೂತಿದ್ದರು. ಕೈಯಲ್ಲಿ ಎರಡು ಎಳನೀರು.

ಡ್ರೈವರ್ ಇಳಿದವನೇ ರೇಗಿದ. "ಎಷ್ಟು ಸಲ ಫೋನ್ ಮಾಡೋದ್ರಿ? ಟೈಲ್ಸ್ ಹಾಕ್ಸೋ ಮನಿ ಯಾವ್ದಂತ ಟೈಲ್ಸ್ ಅಂಗಡಿಯೋರಿಗೆ ಗೊತ್ತಿರ್ತೈತಿ ಅಂತ ಅಲ್ಲೇ ಹೋಗಿ ಕೇಳಿದೆ. ಪಾಪ, ಈ ಹಿರಿಯರು ತಾವೇ ಜತಿಗೆ ಬಂದ್ರು."

"ಜ್ವರ ಹೆಂಗೈತಪ?" ಎಂದು ಕೇಳಿ ಸಾವ್ಕಾರ್ರು ಎಳನೀರನ್ನು ನನ್ನ ಕೈಗಿತ್ತರು. ನಿಜಕ್ಕೂ ಮೈ ಸುಡುತ್ತಿತ್ತು. ಹೆಂಡತಿ ಅಡಿಗೆಮನೆ ಸೇರಿಕೊಂಡಳು. ಸಾವ್ಕಾರ್ರು ಒಂದು ಬಾಕ್ಸ್ ತಿರುಗಿಸಿ ನೋಡಿದರು, ಒಂದು ಟೈಲ್ ತೆಗೆದು ಬೆರಳಿನಿಂದ ಬಡಿದು ಸದ್ದು ಕೇಳಿದರು.

"ಎಷ್ಟಕ್ಕ ಬಿತ್ತು?"

ಸುಳ್ಳು ಹೇಳುವ ಶಕ್ತಿ ಉಳಿದಿರಲಿಲ್ಲ. ಇದ್ದದ್ದು ಹೇಳಿದೆ. ಅವರು ಟೈಲನ್ನು ಮೆಲ್ಲಗೆ ಬಾಕ್ಸಿನೊಳಗಿಟ್ಟರು. ಹದಿನೆಂಟು ವರ್ಷದ ಕೆಲಸ ಇವತ್ತಿಗೆ ಹೋಯಿತು ಅಂದುಕೊಂಡೆ. ಅವರು ಡ್ರೈವರ್ ದೂರ ಇದ್ದಾನೆಯೇ ಎಂದು ನೋಡಿ, ನನ್ನ ಕಿವಿಯ ಹತ್ತಿರ ಬಾಗಿದರು.

"ಹೋಗಾಕ ಮುಂಚೆ ನನಗೊಂದು ಮಾತು ಹೇಳಬಾರದೇನಪ? ನಮ್ಮ ಅಡಿಗಿಮನಿಗೂ ನಾಕು ಬಾಕ್ಸ್ ಬೇಕಾಗಿದ್ವು!"