ಪೂರ್ವಪಕ್ಷ, ಭಾನುವಳ್ಳಿ ಬಸ್ಸು ಮತ್ತು ಟರ್ಕಿ ಪಿಜ್ಜಾ

ಯಾವ ವಿಷಯ ಕೊಟ್ಟರೂ ಅದರ ಪರವಾಗಿಯೂ ಮಾತಾಡಬಲ್ಲೆ, ವಿರೋಧವಾಗಿಯೂ ಮಾತಾಡಬಲ್ಲೆ ಎಂಬ ನನ್ನ ಸಾಮರ್ಥ್ಯದ ಬಗ್ಗೆ ದಾವಣಗೆರೆಯಲ್ಲಿ ಯಾರಿಗೂ ಅನುಮಾನವಿರಲಿಲ್ಲ. ನನಗಂತೂ ಮೊದಲೇ ಇರಲಿಲ್ಲ. ಎಂಬತ್ತರ ದಶಕದ ಆರಂಭದ ಆ ದಿನಗಳಲ್ಲಿ ನಾನಿನ್ನೂ ಬಿ.ಎ. ಓದುತ್ತಿದ್ದೆ. ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳು, ಫಲಕಗಳು ಪಡಸಾಲೆಯ ಗೂಡಿನಲ್ಲಿ ಹಿಡಿಸದೆ ಅಡುಗೆಮನೆಗೆ ವಲಸೆ ಹೋಗಿದ್ದವು. ಎಲ್ಲಕ್ಕಿಂತ ದೊಡ್ಡ ಕಪ್ಪಿನಲ್ಲಿ ಅವ್ವ ಹುಣಸೆಹಣ್ಣು ತುಂಬಿಟ್ಟಿದ್ದಳು.

“ನಿನ್ನ ಬಾಯಿಂದ ಈ ಮನೀಗೆ ಆದ ಉಪಯೋಗ ಇದೊಂದೇ ನೋಡವ್ವ” ಎನ್ನುತ್ತಿದ್ದಳು.

ಅವಳ ಸಿಟ್ಟಿಗೂ ಕಾರಣವಿತ್ತು. ಒಮ್ಮೆ ತರಕಾರಿ ತರಲು ಕಳಿಸಿದಾಗ, ಅಭ್ಯಾಸಕ್ಕಿರಲಿ ಎಂದು ನಾನು ಮಾರುವವಳ ಪರ ವಹಿಸಿ ವಾದಿಸಿದ್ದೆ. ಬದನೆಕಾಯಿಗೆ ಅವಳು ಹೇಳಿದ ಬೆಲೆ ಅನ್ಯಾಯವಾಗಿ ಕಡಿಮೆ ಎಂದು ಅವಳಿಗೇ ಮನವರಿಕೆ ಮಾಡಿಕೊಟ್ಟಿದ್ದೆ. ಅವಳಿಗೆ ಮನವರಿಕೆಯಾಯಿತು. ಬೆಲೆ ಏರಿಸಿದಳು!

ಇಂಥ ನನ್ನ ಬಳಿ ಬಂದು ಸಹಾಯ ಕೇಳಿದವಳು ಶಾಹಿದಾ. ಹರಿಹರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ನನ್ನ ಸಹಪಾಠಿ, ನನ್ನ ಭಾಷಣಗಳನ್ನು ಪೂರ್ತಿ ಕೇಳುತ್ತಿದ್ದ ಏಕೈಕ ಗೆಳತಿ. ಅವಳ ಅಬ್ಬಾ ಕೊಲ್ಲಿ ದೇಶದ ಬೇಕರಿಯೊಂದರಲ್ಲಿ ವರ್ಷಗಟ್ಟಲೆ ದುಡಿದು, ಅಲ್ಲಿ ಟರ್ಕಿಯ ಉಸ್ತಾದನೊಬ್ಬನಿಂದ ಒಂದು ತಿಂಡಿ ಕಲಿತು ಬಂದಿದ್ದರು. ತೆಳ್ಳಗೆ ಲಟ್ಟಿಸಿದ ಹಿಟ್ಟಿನ ಮೇಲೆ ನುಣ್ಣನೆಯ ಕೀಮಾ, ಟೊಮ್ಯಾಟೊ, ಈರುಳ್ಳಿ, ಮೆಣಸಿನಕಾಯಿ ಸವರಿ ಒಲೆಯಲ್ಲಿ ಬೇಯಿಸುವುದು. ಅದಕ್ಕೆಂದೇ ಹರಿಹರದ ಬಸ್ ಸ್ಟ್ಯಾಂಡಿನ ಎದುರು ಪುಟ್ಟ ಹೋಟೆಲು ತೆರೆದು ಇಟ್ಟಿಗೆಯ ಗೂಡೊಲೆ ಕಟ್ಟಿಸಿದ್ದರು. ತಿಂಡಿಯ ನಿಜವಾದ ಹೆಸರು ಲಹ್ಮಜೂನ್. ಹಾಗೆಂದು ಬರೆಸಿದರೆ ಜನ ಯುನಾನಿ ಔಷಧಿ ಅಂಗಡಿ ಎಂದುಕೊಂಡಾರು ಎಂದು ಬೋರ್ಡಿನ ಮೇಲೆ ‘ಟರ್ಕಿ ಪಿಜ್ಜಾ’ ಎಂದು ಬರೆಸಿದ್ದರು.

ಜನ ಬರುತ್ತಿದ್ದರು, ಬೋರ್ಡು ಓದುತ್ತಿದ್ದರು, ಚಹಾ ಕುಡಿದು ಹೋಗುತ್ತಿದ್ದರು.

“ಒಬ್ಬರೂ ತಿಂತಿಲ್ಲ ಕಣೇ ಗಿರಿಜಾ” ಎಂದಳು ಶಾಹಿದಾ. “ಅಮ್ಮಿ ಕಡೇ ಮಾತು ಹೇಳಿಬಿಟ್ಟಾಳೆ. ಈ ಸಂತೆ ದಿನ ಸಂಜೆ ಒಳಗೆ ಮಾರಾಟ ಆಗಲಿಲ್ಲಾಂದ್ರೆ ಒಲೆ ಒಡೆಸಿ, ಅಲ್ಲಿ ಪರೋಟದ ಹಂಚು ಇಡ್ತಾಳಂತೆ. ಅಬ್ಬಾ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ನೀನು ಬಾ. ಬಸ್ಸಿಗೆ ಕಾಯೋರ ಮುಂದೆ ಕೂತು ಒಂದು ತಿಂದು, ‘ಬಾಳ ಚೆನ್ನಾಗೈತೆ’ ಅನ್ನು. ಅಷ್ಟೇ ಸಾಕು.”

ಅಷ್ಟೇ ಸಾಕು! ಕಪ್ಪು ಗೆದ್ದವಳಿಗೆ ‘ಬಾಳ ಚೆನ್ನಾಗೈತೆ’ ಎನ್ನುವ ಕೆಲಸ! ನನಗೆ ಅವಮಾನವಾಯಿತು. ಜೊತೆಗೆ ರೋಮಾಂಚನವೂ ಆಯಿತು. ಇಲ್ಲಿಯವರೆಗೆ ನನ್ನ ವಾದದಿಂದ ಗೆದ್ದದ್ದು ನಾನೊಬ್ಬಳೇ. ಈಗ ಒಂದು ಒಲೆಯ ಅಳಿವು-ಉಳಿವು ನನ್ನ ನಾಲಗೆಯ ಮೇಲಿತ್ತು.

“ಆ ಭಾರ ನನಗೆ ಬಿಡು” ಎಂದೆ.

“ಗಿರಿಜಾ, ಭಾಷಣ ಬ್ಯಾಡ.”

“ಭಾಷಣ ಅಲ್ಲ, ವಾದ ಮಂಡನೆ.”

ಶಾಹಿದಾ ಮೇಲೆ ನೋಡಿ “ಯಾ ಅಲ್ಲಾ” ಎಂದಳು.

ನಮ್ಮ ಕನ್ನಡ ಮೇಷ್ಟ್ರು ನನಗೊಂದು ಬ್ರಹ್ಮಾಸ್ತ್ರ ಕಲಿಸಿದ್ದರು. ಮೊದಲು ಪೂರ್ವಪಕ್ಷ: ಎದುರಾಳಿಯ ವಾದವನ್ನು ಎದುರಾಳಿಗಿಂತಲೂ ಚೆನ್ನಾಗಿ ನಾವೇ ಹೇಳಬೇಕು. ಸಭೆ ‘ಹೌದು ಹೌದು’ ಎಂದು ತಲೆಯಾಡಿಸಬೇಕು. ಆಮೇಲೆ ಉತ್ತರಪಕ್ಷ: ಕಟ್ಟಿದ್ದನ್ನೆಲ್ಲ ಒಂದೊಂದಾಗಿ ಕೆಡವಬೇಕು. ಎದುರಾಳಿಗೆ ಹೇಳಲು ಏನೂ ಉಳಿದಿರುವುದಿಲ್ಲ. ನಾಲ್ಕು ದಿನ ಕೂತು ಟರ್ಕಿ ಪಿಜ್ಜಾದ ಮೇಲೆ ಯಾರು ಏನೇನು ಆಕ್ಷೇಪ ಎತ್ತಬಹುದೆಂದು ಯೋಚಿಸಿದೆ. ಸ್ವಭಾವತಃ ಸಂದೇಹಿಯಾದ್ದರಿಂದ ಆಕ್ಷೇಪಗಳು ಧಾರಾಳವಾಗಿ ಹೊಳೆದವು. ಸಮಾಧಾನಗಳನ್ನು ಬಸ್ಸಿನಲ್ಲಿ ಯೋಚಿಸಿದರಾಯಿತು ಎಂದುಕೊಂಡೆ.

ಸಂತೆಯ ದಿನ ಹರಿಹರಕ್ಕೆ ಹೋಗಿ ಇಳಿದಾಗ ಹೋಟೆಲು ತುಂಬಿತ್ತು. ಒಳಗೆ ನೆರಳಿತ್ತು, ಎದುರಿಗೇ ಬಸ್ಸು ನಿಲ್ಲುತ್ತಿತ್ತು. ಎಲ್ಲರೂ ಸಂತೆ ಮುಗಿಸಿ ಭಾನುವಳ್ಳಿ ಬಸ್ಸಿಗೆ ಕಾಯುವವರು. ಖಾಲಿ ಬುಟ್ಟಿಯ ಅಜ್ಜಿಯೊಬ್ಬಳು, ರುಮಾಲು ಸುತ್ತಿದ ಕಡರನಾಯಕನಹಳ್ಳಿಯ ಯಜಮಾನರು, ಇನ್ನೂ ಹಲವರು. ಎಲ್ಲರ ಮುಂದೆಯೂ ಬರೀ ಚಹಾ.

ಒಲೆಯ ಮುಂದೆ ಶಾಹಿದಾಳ ಅಬ್ಬಾ, ನನ್ನ ಪಾಲಿಗೆ ಚಾಚಾ, ಬೆವರುತ್ತ ನಿಂತಿದ್ದರು. ಉದ್ದ ಹಿಡಿಯ ಹಲಗೆಯನ್ನು ಒಳಗೆ ದೂಡಿ ಹೊರಗೆಳೆದರೆ, ಅಂಚು ಕೆಂಪಗಾಗಿ ಉಬ್ಬಿದ, ಮೇಲೆ ಚುಯ್‌ಗುಡುವ ದುಂಡು ಪಿಜ್ಜಾ! ಕೀಮಾ ತಿನ್ನದವರಿಗೆಂದು ಬರೀ ಟೊಮ್ಯಾಟೊ-ಈರುಳ್ಳಿಯದನ್ನು ಬೇರೆ ತಟ್ಟೆಯಲ್ಲಿ ಜೋಡಿಸಿದ್ದರು. ಆ ವಾಸನೆಗೆ ನನ್ನ ಮೊದಲ ಎರಡು ಆಕ್ಷೇಪಗಳು ಒಂದು ಕ್ಷಣ ಮರೆತೇಹೋದವು.

“ಬಾಮ್ಮ ಬಾ. ಬಿಸಿ ಇರುವಾಗ್ಲೇ ತಿನ್ನು” ಎಂದು ಚಾಚಾ ಒಂದರ ಮೇಲೆ ನಿಂಬೆಹಣ್ಣು ಹಿಂಡಿ, ಹಸಿ ಈರುಳ್ಳಿ, ಕೊತ್ತಂಬರಿ ಉದುರಿಸಿ, ಚಾಪೆಯಂತೆ ಸುರುಳಿ ಸುತ್ತಿ ಕೊಟ್ಟರು.

ಕೈ ತಾನಾಗಿ ಮುಂದೆ ಹೋಯಿತು. ಹಿಂದಕ್ಕೆಳೆದುಕೊಂಡೆ.

“ಈಗ ಬೇಡ ಚಾಚಾ. ತಿಂದರೆ ನಾನು ಪಕ್ಷಪಾತಿಯಾಗುತ್ತೇನೆ. ತಿನ್ನದೆಯೇ ಗೆಲ್ಲಿಸುತ್ತೇನೆ.”

ಚಾಚಾ ಗಾಬರಿಯಿಂದ ಮಗಳ ಕಡೆ ನೋಡಿದರು. ಮಗಳು ಗೋಡೆಯ ಕಡೆ ನೋಡಿದಳು.

ನಾನು ನಡುವಿನ ಮೇಜಿನ ಪಕ್ಕ ನಿಂತು ಗಂಟಲು ಸರಿಮಾಡಿಕೊಂಡೆ. “ಮಾನ್ಯರೇ! ಈ ಟರ್ಕಿ ಪಿಜ್ಜಾ ಎಂಬುದನ್ನು ನಾವು ಯಾಕೆ ತಿನ್ನಬೇಕು?”

“ಅದೇ ನಮಗೂ ಗೊತ್ತಾಗವಲ್ದು ನೋಡು” ಎಂದರು ಯಜಮಾನರು.

ಸಭೆ ನಕ್ಕಿತು. ಸಭೆ ನಕ್ಕರೆ ನನಗೆ ಏನೋ ಆಗಿಬಿಡುತ್ತದೆ.

“ಮೊದಲನೆಯದಾಗಿ, ಹೆಸರು! ಪಿಜ್ಜಾ ಇಟಲಿಯದು ಎಂದು ಇಂಗ್ಲಿಷ್ ಪತ್ರಿಕೆಗಳಲ್ಲಿ ಓದಿದ್ದೇನೆ. ಇಟಲಿಯದಾದರೆ ಇದು ಟರ್ಕಿಯದಲ್ಲ. ಟರ್ಕಿಯದಾದರೆ ಪಿಜ್ಜಾ ಅಲ್ಲ. ಎರಡೂ ಹೌದಾದರೆ, ಹರಿಹರದಲ್ಲಿ ಇದಕ್ಕೇನು ಕೆಲಸ?”

“ಹೌದಲ್ಲ!” ಎಂದರು ಯಾರೋ.

“ಎರಡನೆಯದಾಗಿ, ರೊಟ್ಟಿ! ಕೈಯಲ್ಲೇ ತಟ್ಟಿ ಚಂದ್ರನಂಥ ಜೋಳದ ರೊಟ್ಟಿ ಮಾಡುವ ತಾಯಂದಿರು ಇಲ್ಲಿದ್ದೀರಿ. ನಿಮ್ಮ ಕೈಗಳ ಮುಂದೆ ಈ ಒಲೆ ಯಾವ ಲೆಕ್ಕ?”

ಬುಟ್ಟಿಯ ಅಜ್ಜಿ ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡು, “ಹಂಗ ಹೇಳು ನನ್ನವ್ವ” ಎಂದಳು. ಹೆಂಗಸರೆಲ್ಲ ಚಪ್ಪಾಳೆ!

ಶಾಹಿದಾ ನನ್ನ ಸೆರಗು ಜಗ್ಗಿದಳು. ಸೆರಗು ಜಗ್ಗಿದರೆ ನಿಲ್ಲುವ ವಾಗ್ಮಿ ನಾನಲ್ಲ.

“ಮೂರನೆಯದಾಗಿ, ಸ್ವಾತಂತ್ರ್ಯ! ನಮ್ಮಲ್ಲಿ ರೊಟ್ಟಿ ಬೇರೆ, ಪಲ್ಯ ಬೇರೆ. ಎಷ್ಟು ತುತ್ತಿಗೆ ಎಷ್ಟು ಪಲ್ಯ ಎಂದು ತೀರ್ಮಾನಿಸುವವರು ನಾವು. ಇಲ್ಲೋ, ಪಲ್ಯವನ್ನು ಮೊದಲೇ ಮೆತ್ತಿ ತರುತ್ತಾರೆ! ನಮ್ಮ ಪಲ್ಯವನ್ನು ತೀರ್ಮಾನಿಸುವವರು ನಾವೋ, ಟರ್ಕಿಯವರೋ?”

ಹೋಟೆಲು ಅದುರಿತು. ಯಜಮಾನರು ರುಮಾಲು ತೆಗೆದು ಮತ್ತೆ ಸುತ್ತಿಕೊಂಡರು. ಯಾವ ಅಂತರ ಕಾಲೇಜು ಸ್ಪರ್ಧೆಯಲ್ಲೂ ನನಗೆ ಇಂಥ ಚಪ್ಪಾಳೆ ಬಿದ್ದಿರಲಿಲ್ಲ. ಪೂರ್ವಪಕ್ಷವನ್ನು ಇಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಇಷ್ಟು ಒಳ್ಳೆಯ ಸಭೆಯನ್ನು ಯಾರಾದರೂ ಬಿಡುತ್ತಾರೆಯೇ?

“ಕೊನೆಯದಾಗಿ ಕೇಳುತ್ತೇನೆ, ಚಟ್ನಿ ಎಲ್ಲಿ?”

“ಎಲ್ಲೈತೆ ಚಟ್ನಿ?” ಎಂದಿತು ಸಭೆ. “ಚಟ್ನಿ ಎಲ್ಲೈತ್ರಿ?” ಮೇಜು ಕುಟ್ಟಿದರು. ಚಹಾದ ಲೋಟಗಳು ಕುಣಿದವು. ಒಲೆಯ ಬಳಿ ಚಾಚಾ ಹಲಗೆ ಹಿಡಿದು ನಿಂತೇ ಇದ್ದರು. ಮೊದಲಿಗೆ ಮುಖದಲ್ಲಿದ್ದ ನಗು ಅರ್ಧಕ್ಕೇ ನಿಂತಿತ್ತು.

ಈಗ! ನಾನು ಬಲಗೈ ಮೇಲೆತ್ತಿದೆ. ಸಭೆ ಸ್ತಬ್ಧವಾಯಿತು. ನನ್ನ ಬ್ರಹ್ಮಾಸ್ತ್ರದ ಎರಡನೆಯ ಭಾಗ.

“ಆದರೆ, ಬಂಧುಗಳೇ...”

ಪೋಂ! ಎಂದಿತು ಭಾನುವಳ್ಳಿ ಬಸ್ಸು.

ಸಭೆ ಒಟ್ಟಾಗಿ ಎದ್ದಿತು. ಬುಟ್ಟಿ, ಚೀಲ, ಕೊಡ, ಕೋಳಿ ಎಲ್ಲವೂ ಬಾಗಿಲಿನಿಂದ ಹಾರಿಹೋದವು. ನನ್ನ ‘ಆದರೆ’ಗೆ ಉಳಿದವನು ಮೂಲೆಯಲ್ಲಿ ನಿದ್ದೆ ಮಾಡುತ್ತಿದ್ದ ಒಬ್ಬ ಅಜ್ಜ. ಅವನೂ ಎಚ್ಚರಾಗಿ, “ಬಸ್ ಬಂತೇನವ್ವ?” ಎಂದು ಓಡಿದ.

ಖಾಲಿ ಹೋಟೆಲಿನಲ್ಲಿ ಚಾಚಾ ನಿಧಾನವಾಗಿ ಹಲಗೆ ಕೆಳಗಿಟ್ಟರು.

“ಭಾಷಣ ಬಾಳ ಚೆನ್ನಾಗಿತ್ತಮ್ಮ” ಎಂದರು. “ನನಗೂ ತಿನ್ನೋದು ಬ್ಯಾಡ ಅನ್ನಿಸಿಬಿಡ್ತು.”

ಒಳಗಿನ ಪರದೆಯ ಹಿಂದಿನಿಂದ ಅಮ್ಮಿಯ ದನಿ ಬಂತು: “ಆಯ್ತಲ್ಲ! ನಾಳೆ ಗಾರೆ ಕೆಲಸದವ್ನಿಗೆ ಬರಹೇಳ್ರಿ. ಒಲೆ ಒಡೀಲಿ.”

“ನನ್ನ ವಾದ ಇನ್ನೂ ಅರ್ಧ ಇದೆ!” ಎಂದು ನಾನು ಕಿರುಚಿದೆ.

“ಆ ಅರ್ಧ ಬಸ್ ಹತ್ತೈತೆ ಕಣೇ!” ಎಂದು ಶಾಹಿದಾ ನನಗಿಂತ ಜೋರಾಗಿ ಕಿರುಚಿದಳು. ಹಾಗೆ ಹೇಳಿದ್ದೇ ತಡ, ಇಬ್ಬರಿಗೂ ಒಂದೇ ವಿಚಾರ ಹೊಳೆಯಿತು. ಅವಳೊಂದು ತಟ್ಟೆ, ನಾನೊಂದು ತಟ್ಟೆ ಎತ್ತಿಕೊಂಡು ಓಡಿದೆವು. ಬಸ್ಸು ಆಗಲೇ ಅಲುಗಾಡುತ್ತಿತ್ತು. ಹತ್ತಿಬಿಟ್ಟೆವು!

“ಎಲ್ಲಿಗೆ?” ಎಂದ ಕಂಡಕ್ಟರ್.

“ಉತ್ತರಪಕ್ಷಕ್ಕೆ” ಎಂದೆ ನಾನು ಏದುಸಿರು ಬಿಡುತ್ತ.

“ಆ ಊರಿಗೆ ಈ ಬಸ್ ಹೋಗಲ್ಲ.”

ಶಾಹಿದಾ ಕಾಲುವೆ ಸ್ಟಾಪಿಗೆ ಟಿಕೆಟು ತೆಗೆಸಿದಳು. ನಾನು ಕಂಬಿಗೆ ಒರಗಿ, ಎರಡೂ ಕೈಯಲ್ಲಿ ತಟ್ಟೆ ಹಿಡಿದು ಶುರುಮಾಡಿದೆ. “ಪ್ರಿಯ ಪ್ರಯಾಣಿಕರೇ! ಮೊದಲನೆಯ ಆಕ್ಷೇಪಕ್ಕೆ ಸಮಾಧಾನ ಹೇಳುತ್ತೇನೆ. ಹೆಸರು ಎಂಬುದು ಕೇವಲ...” ಬಸ್ಸು ಗುಂಡಿಗೆ ಬಿತ್ತು. ಹೆಸರು ಎಂಬುದು ಕೇವಲ ಏನು ಎಂಬುದು ಇವತ್ತಿಗೂ ಯಾರಿಗೂ ತಿಳಿದಿಲ್ಲ. ಸಮಾಧಾನಗಳನ್ನು ಯೋಚಿಸುವುದೇ ಮರೆತುಹೋಗಿತ್ತೆಂದು ನನಗೂ ಆಗಲೇ ತಿಳಿದದ್ದು.

“ಅಲ್ಲವ್ವ ತಂಗಿ” ಎಂದರು ಯಜಮಾನರು. “ಆಗ ಬ್ಯಾಡ ಅಂದಿ, ಈಗ ಬೇಕು ಅಂತಿ. ಎಲೆಕ್ಷನ್ನಿಗೆ ನಿಂತೀಯೇನು?”

ಇಡೀ ಬಸ್ಸು ನಕ್ಕಿತು. ಮೊದಲ ಬಾರಿಗೆ ಸಭೆಯ ನಗು ನನಗೆ ಹಿತವಾಗಲಿಲ್ಲ. ಅಷ್ಟರಲ್ಲಿ ಶಾಹಿದಾ ನನ್ನನ್ನು ಮೊಣಕೈಯಿಂದ ಪಕ್ಕಕ್ಕೆ ತಳ್ಳಿ, ಜೀವಮಾನದ ಮೊದಲ ಸಾರ್ವಜನಿಕ ಭಾಷಣ ಮಾಡಿದಳು.

“ಈ ತಟ್ಟೆದು ಕೀಮಾ! ಆ ತಟ್ಟೆದು ಬರೀ ಟೊಮ್ಯಾಟೊ! ಬಿಸಿ ಐತೆ!”

ಅಷ್ಟೇ. ಪೂರ್ವಪಕ್ಷವಿಲ್ಲ, ಉತ್ತರಪಕ್ಷವಿಲ್ಲ.

ಮುಚ್ಚಿದ ಬಸ್ಸು, ಸಂತೆಯಲ್ಲಿ ಸುತ್ತಿ ಹಸಿದ ಹೊಟ್ಟೆಗಳು, ನಡುವೆ ಆ ಘಮ! ಬುಟ್ಟಿಯ ಅಜ್ಜಿ ಮೂಗರಳಿಸಿ, “ನಿನ್ನ ಮಾತು ಹಾಳಾಗಲಿ, ಆ ತಟ್ಟೆ ಇತ್ತ ತಾ” ಎಂದಳು. ಒಂದು ತುತ್ತು ಕಚ್ಚಿದಳು. ಬಸ್ಸೆಲ್ಲ ಅವಳ ದವಡೆಯನ್ನೇ ನೋಡಿತು. ಯಾವ ನಿರ್ಣಾಯಕರ ತೀರ್ಪಿಗೂ ನಾನು ಹಾಗೆ ಕಾದವಳಲ್ಲ.

ಅಜ್ಜಿ ನುಂಗಿದಳು. ಇನ್ನೊಂದು ತೆಗೆದುಕೊಂಡು ಬುಟ್ಟಿಯೊಳಗೆ ಬಚ್ಚಿಟ್ಟಳು.

ಆಮೇಲೆ ನಡೆದದ್ದು ಲೂಟಿ! “ಇತ್ತ ಕೊಡ್ರಿ”, “ನಮಗೆ ಟೊಮ್ಯಾಟೊದ್ದು”, “ಲೇ, ನಾನು ಮೊದ್ಲು ಕೇಳಿದ್ದು!” ಚಟ್ನಿಗಾಗಿ ಮೇಜು ಕುಟ್ಟಿದವನೇ ಬಾಯ್ತುಂಬ ತುಂಬಿಕೊಂಡು, “ಚಟ್ನಿ ಇಲ್ದಿದ್ರೂ ನಡೀತೈತೆ ಬಿಡು” ಎಂದ. ಯಜಮಾನರು ತಮಗೊಂದು, ಮನೆಯವರಿಗೊಂದು ತೆಗೆದುಕೊಂಡರು. ಹೇಗೂ ಚಿಲ್ಲರೆ ಎಣಿಸುತ್ತಿದ್ದ ಕಂಡಕ್ಟರ್ ಟಿಕೆಟ್ಟಿನ ಜೊತೆಗೆ ಪಿಜ್ಜಾದ ದುಡ್ಡನ್ನೂ ವಸೂಲು ಮಾಡಿ ಶಾಹಿದಾಳ ದುಪಟ್ಟಾದ ತುದಿಗೆ ಸುರಿದ. ನನ್ನ ತಟ್ಟೆಯಲ್ಲಿ ಕೊನೆಯದೊಂದು ಉಳಿದಿತ್ತು. ಇನ್ನು ಪಕ್ಷಪಾತದ ಭಯವಿಲ್ಲ! ಕೈ ಹಾಕಿದೆ. ನನಗಿಂತ ಮೊದಲು ಇನ್ನೊಂದು ಕೈ ಬಂತು.

“ಇದು ತಟ್ಟೆಯ ಲಗೇಜ್ ಚಾರ್ಜು” ಎಂದು ಕಂಡಕ್ಟರ್ ಅದನ್ನು ಬಾಯಿಗಿಟ್ಟ.

ಕಾಲುವೆಯ ಹತ್ತಿರ ಇಳಿದು, ಖಾಲಿ ತಟ್ಟೆಗಳೊಂದಿಗೆ ವಾಪಸು ಬಸ್ಸಿಗೆ ಕಾದೆವು. ಶಾಹಿದಾ ಚಿಲ್ಲರೆಯನ್ನು ದುಪಟ್ಟಾದ ತುದಿಗೆ ಗಂಟು ಕಟ್ಟಿದಳು. ಆಮೇಲೆ “ಉತ್ತರಪಕ್ಷಕ್ಕೆ ಒಂದು ಟಿಕೆಟ್” ಎಂದಳು. ನಗಲು ಶುರು ಮಾಡಿದವಳು ಬಸ್ಸು ಬರುವವರೆಗೂ ನಿಲ್ಲಿಸಲಿಲ್ಲ.

ಖಾಲಿ ತಟ್ಟೆ ಕಂಡು ಅಮ್ಮಿಯ ಹುಬ್ಬು ಗಂಟಾಯಿತು. “ಕಾಲುವೆಗೆ ಸುರಿದು ಬಂದ್ರೇನೇ?”

ಶಾಹಿದಾ ದುಪಟ್ಟಾದ ಗಂಟು ಬಿಚ್ಚಿದಳು. ಅಮ್ಮಿ ಚಿಲ್ಲರೆ ನೋಡಿದಳು, ಗಂಡನನ್ನು ನೋಡಿದಳು. ಚಾಚಾ ಅಪರಾಧಿಯಂತೆ ನಿಂತಿದ್ದರು. “ಮುಂದಿನ ಸಂತೆ ತನಕ ಒಲೆ ಇರಲಿ” ಎಂದಳು. “ಆದ್ರೆ ಒಂದು ಮಾತು. ಇಲ್ಲಿ ಕೂತು ತಿಂತಾರಾ ನೋಡ್ಬೇಕು. ಮತ್ತೆ ಈ ಹುಡುಗಿ ಬಾಯಿ ತೆಗೀಬಾರ್ದು.”

ಅಂದು ನನಗೆ ಸಿಕ್ಕಿದ್ದು ಚಹಾ. ಹಿಟ್ಟು ಮುಗಿದುಹೋಗಿತ್ತು.

ಮುಂದಿನ ಸಂತೆಗೆ ನಾನು ಕೇವಲ ತಿನ್ನುವವಳಾಗಿ ಹೋದೆ. ಮುನ್ನೆಚ್ಚರಿಕೆಯಾಗಿ ಅಮ್ಮಿ ನನ್ನನ್ನು ಒಳಗಿನ ಪರದೆಯ ಹಿಂದೆ ಕೂರಿಸಿದಳು. ಚಾಚಾ ತಾವೇ ತಟ್ಟೆ ತಂದಿಟ್ಟರು. ನಿಂಬೆ ಹಿಂಡಿದೆ, ಸುತ್ತಿದೆ, ಕಚ್ಚಿದೆ. ಅಂಚು ಕಟುಮ್ ಎಂದಿತು, ನಡುವೆ ಮೆತ್ತಗೆ, ಖಾರ, ಹುಳಿ, ಹೊಗೆಯ ಘಮ, ಎಲ್ಲ ಒಟ್ಟಿಗೆ ಬಂದು ಬಾಯೊಳಗೆ ಗಲಾಟೆ ಎಬ್ಬಿಸಿದವು. ನನ್ನ ನಾಲ್ಕೂ ಆಕ್ಷೇಪಗಳು ಎಷ್ಟು ಮೂರ್ಖತನದವು ಎಂದು ಸಾಬೀತುಪಡಿಸಲು ನಾಲ್ಕು ದಿನ ಬೇಕಿರಲಿಲ್ಲ, ನಾಲ್ಕು ತುತ್ತು ಸಾಕಿತ್ತು!

ಅಷ್ಟರಲ್ಲಿ ಬಾಗಿಲಲ್ಲಿ ಸದ್ದಾಯಿತು. ಪರದೆಯ ಸಂದಿಯಿಂದ ಇಣುಕಿದೆ. ಬುಟ್ಟಿಯ ಅಜ್ಜಿ! ಅವಳ ಹಿಂದೆ ರುಮಾಲಿನ ಯಜಮಾನರು, ಅವರ ಹಿಂದೆ ಬಸ್ಸಿಗೆ ಬಸ್ಸೇ. ಆದರೆ ಯಾರೂ ಒಳಗೆ ಕಾಲಿಡುತ್ತಿಲ್ಲ. ಹೊಸ್ತಿಲ ಆಚೆ ನಿಂತು ಒಳಗೆಲ್ಲ ಕಣ್ಣಾಡಿಸುತ್ತಿದ್ದಾರೆ. ಅಮ್ಮಿಯೂ ನನ್ನ ಹಿಂದೆ ನಿಂತು ಇಣುಕುತ್ತಿದ್ದಳು.

“ಸಾಯಿಬ್ರ” ಎಂದಳು ಅಜ್ಜಿ ತಗ್ಗಿದ ದನಿಯಲ್ಲಿ. “ಆ ಮಾತಾಡೋ ಹುಡುಗಿ ಒಳಗ ಐದಾಳೇನ್ರಿ? ಇದ್ರ ನಮಗೆ ಕಟ್ಟಿಕೊಡ್ರಿ, ಹೊರಗ ನಿಂತು ತಿಂತೀವಿ.”

ಚಾಚಾ ಪರದೆಯ ಕಡೆ ಒಂದು ಸಲ ನೋಡಿದರು. ಸತ್ಯವಂತರೆಂದು ಇಡೀ ಬಜಾರಿಗೆ ಗೊತ್ತಿದ್ದ ಮನುಷ್ಯ.

“ಇಲ್ಲಮ್ಮ, ಆ ಹುಡುಗಿ ಬಂದಿಲ್ಲ. ಬರ್ರಿ, ಒಳಗೆ ಕೂಡ್ರಿ” ಎಂದರು.

ಎಲ್ಲರೂ ನೆಮ್ಮದಿಯಿಂದ ಬಂದು ಕೂತರು. ನನ್ನ ಕಿವಿಯೆದುರೇ ಶುದ್ಧ ಸುಳ್ಳೊಂದು ಮಂಡನೆಯಾಗಿ, ಚರ್ಚೆಯಿಲ್ಲದೆ ಸರ್ವಾನುಮತದಿಂದ ಅಂಗೀಕಾರವೂ ಆಯಿತು. ಖಂಡಿಸಲು ನನ್ನಲ್ಲಿ ಬಲವಾದ ಸಾಕ್ಷ್ಯವಿತ್ತು. ಸಾಕ್ಷ್ಯ ಎಂದರೆ ನಾನೇ!

ಖಂಡಿಸಲಿಲ್ಲ. ಸದ್ದಾಗದಂತೆ ತಟ್ಟೆಯನ್ನು ಪರದೆಯ ಅಡಿಯಿಂದ ಹೊರಗೆ ತಳ್ಳಿ, ಇನ್ನೊಂದು ಬೇಕೆಂದು ಸನ್ನೆ ಮಾಡಿದೆ.