ಟಿಫಿನ್ ಡಬ್ಬಿಯ ಹೊಗೆ ಪರೀಕ್ಷೆ

"ಬಿ.ಎಸ್ಸಿ. ಸಾಹೇಬ್ರ, ನಿಮ್ಮ ಗಾಡಿ ಈ ಜನ್ಮದಾಗ ಹೊಗಿ ಪರೀಕ್ಷಾ ಪಾಸಾಗಂಗಿಲ್ಲ ಬಿಡ್ರಿ!" ಎಂದವನು ನನ್ನ ಹೆಂಡತಿಯ ತಮ್ಮ, ಔರಾದಿನ ಶಿವರಾಜ.

ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಕಂಡವನು ನಾನು. ಅದೂ ರಸಾಯನಶಾಸ್ತ್ರದಲ್ಲಿ, ಎರಡನೇ ಯತ್ನದಲ್ಲಿ! ನಾನು ಹೊಗೆಗೆ ಹೆದರುವುದೇ? ಭಾಲ್ಕಿಯ ಮದುವೆಗೆ ಅತ್ತೆಯನ್ನು ನನ್ನ ಕಾರಿನಲ್ಲೇ ಕರೆದೊಯ್ಯುವುದಾಗಿ ಬಂಧುಬಳಗದ ಮುಂದೆ ಘೋಷಿಸಿಬಿಟ್ಟಿದ್ದೆ.

ನೌಬಾದದ ಮೆಕ್ಯಾನಿಕ್ ಬಾನೆಟ್ ಎತ್ತಿ ಒಡೆದ ಡಬ್ಬಿಯೊಂದನ್ನು ತೋರಿಸಿದ. ಪೆಟ್ರೋಲಿನ ಆವಿ ಹಿಡಿಯುವ ಇದ್ದಿಲಿನ ಡಬ್ಬಿ.

"ಕಂಪನಿಯವರು ಇದನ್ನ ಮಾಡೋದೇ ಬಂದ್ ಮಾಡ್ಯಾರ್ರಿ. ಇದಿಲ್ದ ಪಾಸಾಗೋದು ಮುಶ್ಕಿಲ್."

ಬೀದರ್, ಭಾಲ್ಕಿಯ ಗುಜರಿಗಳನ್ನೆಲ್ಲ ಜಾಲಾಡಿದೆ. ಒಬ್ಬ ಟ್ರ್ಯಾಕ್ಟರಿನ ಸೈಲೆನ್ಸರ್ ಕೊಡಲು ಬಂದ. "ಬಡಿದು ಕೂಡ್ಸಿದ್ರ ಕೂಡ್ತದ ತಗೋರಿ!"

ಸಿಗದಿದ್ದರೆ ತಯಾರಿಸುವುದು! ಹೆಂಡತಿ ಸುವರ್ಣಾಳ ಸ್ಟೀಲ್ ಟಿಫಿನ್ ಡಬ್ಬಿಗೆ ಎರಡು ತೂತು ಕೊರೆದೆ. ಆಕೆಗೆ ತಿಳಿಸಲಿಲ್ಲ. ವಿಜ್ಞಾನ ಕೆಲವೊಮ್ಮೆ ಮೌನವಾಗಿ ಮುನ್ನಡೆಯಬೇಕಾಗುತ್ತದೆ. ಇನ್ನು ಇದ್ದಿಲು? ಒಮ್ಮೆ ಕಾದ ಇದ್ದಿಲು ಹೆಚ್ಚು ಚುರುಕು ಎಂದು ನನ್ನ ವಿದ್ಯೆ ಸಾರಿತು. ಕಬಾಬ್ ಅಂಗಡಿಯ ಹಿಂದೆ ಆರಿದ ಇದ್ದಿಲಿನ ರಾಶಿಯೇ ಬಿದ್ದಿತ್ತು. ಪುಕ್ಕಟೆ!

ಡಬ್ಬಿಗೆ ತುಂಬಿ ಎಂಜಿನ್ನಿನ ಕೊಳವೆಗೆ ಜೋಡಿಸಿದೆ. ಕಾರು ಶುರುವಾಯಿತು. ಇದ್ದಿಲ ಪುಡಿಯೆಲ್ಲ ಎಂಜಿನ್ನಿಗೆ ನುಗ್ಗಿ, ಹಿಂದಿನಿಂದ ಕರಿಮೋಡ ಎದ್ದಿತು. ಪಕ್ಕದ ಮನೆಯವರ ಬಿಳಿ ಧೋತರ ಹಗ್ಗದ ಮೇಲೆಯೇ ಕಂಬಳಿಯಾಯಿತು!

ಪುಡಿ ತಡೆಯಲು ಚಹಾ ಸೋಸುವ ಜಾಲರಿಗೆ ಬಟ್ಟೆ ಸುತ್ತಿ ಒಳಗಿಟ್ಟೆ.

"ಚಾ ಸೋಸೋದು ಎಲ್ಲಿ ಹೋಯ್ತ್ರಿ?" ಸುವರ್ಣಾ ಕೂಗಿದಳು.

"ಎಂಜಿನ್ನಾಗ ಅದ."

"ಹಂಗಾರ ನಾಳಿಂದ ಚಾ ಎಂಜಿನ್ನಿಗೇ ಕೇಳ್ರಿ!"

ಪರೀಕ್ಷಾ ಕೇಂದ್ರದಲ್ಲಿ ಉಸಿರು ಬಿಗಿಹಿಡಿದು ನಿಂತೆ. ಪಾಸು! ಯಂತ್ರದವನು ಸರ್ಟಿಫಿಕೇಟ್ ಕೊಡುತ್ತ ಮೂಗರಳಿಸಿದ. "ಪೆಟ್ರೋಲ್ ವಾಸನಿ ಒಟ್ಟ ಇಲ್ರಿ. ಆದ್ರ ನನಗ ಯಾಕೋ ಹಸಿವಾಗ್ಲಾಕತ್ತದ."

ಆಗ ಹೊಳೆಯಿತು. ಇದ್ದಿಲು ಕುಡಿದಿದ್ದ ಕಬಾಬಿನ ಕೊಬ್ಬು ಎಂಜಿನ್ನಿನ ಕಾವಿಗೆ ಮತ್ತೆ ಬೇಯುತ್ತಿತ್ತು! ಕಿಟಕಿ ತೆರೆದು ಔರಾದಿಗೆ ಓಡಿಸಿದೆ. ಸಂತಪುರ ದಾಟುವಾಗ ನಾಯಿಗಳೆಲ್ಲ ನನ್ನ ಹಿಂದೆ. ಡಿಗ್ರಿ ಬಂದ ದಿನವೂ ನನಗೆ ಅಷ್ಟು ದೊಡ್ಡ ಮೆರವಣಿಗೆ ಆಗಿರಲಿಲ್ಲ.

ಸರ್ಟಿಫಿಕೇಟನ್ನು ಎರಡೂ ಕೈಯಿಂದ ಶಿವರಾಜನಿಗೆ ಒಪ್ಪಿಸಿದೆ. ಅವನು ಅದನ್ನು ಬೆಳಕಿಗೆ ಹಿಡಿದು ಎರಡೆರಡು ಸಲ ಓದಿದ. ಹಣೆ ತುಂಬ ವಿಭೂತಿ ಧರಿಸಿ, ರೇಷ್ಮೆ ಸೀರೆ ಉಟ್ಟು ಅತ್ತೆ ಬಂದರು. ಮೊಟ್ಟೆಯ ಹೆಸರೆತ್ತಿದರೂ ಎದ್ದು ಹೋಗುವವರು ಅವರು. ಕಾರಿನ ಬಾಗಿಲು ತೆರೆದರು. ಸೆರಗು ಮೂಗಿಗೆ ಹೋಯಿತು. ಬಾಗಿಲು ಮೆಲ್ಲಗೆ ಮುಚ್ಚಿತು.

"ಗಾಡಿ ಪಾಸಾಯ್ತಲ್ಲ ಅಳಿಯಾರ, ಭಾಳ ಖುಷಿ ಆಯ್ತು. ನಾ ಬಸ್ಸಿಗಿ ಹೋಗ್ತೇನಿ. ನೀವು ಸಾವಕಾಶ ಉಂಡು, ಬಾಯಿ ತೊಳ್ಕೊಂಡು ಬರ್ರಿ."