ಬೊರಿವಲಿ ದಾಟಿದ ನಿದ್ದೆ

ನಿದ್ದೆಯ ವಿಷಯದಲ್ಲಿ ನಾನು ಸ್ವಲ್ಪ ಜಂಬದ ಮನುಷ್ಯ. ಬೇರೆ ಯಾವ ಪ್ರತಿಭೆಯೂ ಇಲ್ಲದವನಿಗೆ ಇದೊಂದಾದರೂ ಇರಲಿ ಎಂದು ದೇವರು ನನಗೆ ಲೋಕಲ್ ಟ್ರೇನಿನಲ್ಲಿ ನಿದ್ದೆ ಮಾಡುವ ಕಲೆಯನ್ನು ಧಾರಾಳವಾಗಿ ಕೊಟ್ಟಿದ್ದಾನೆ. ಮೈಸೂರು ಬಿಟ್ಟು ಮುಂಬಯಿಗೆ ಬಂದು ಬೊರಿವಲಿಯಲ್ಲಿ ಮನೆ, ಚರ್ಚ್‌ಗೇಟಿನಲ್ಲಿ ಆಫೀಸು ಎಂದಾದಾಗಿನಿಂದ ಕೂತು ನಿದ್ದೆ ಮಾಡಿದ್ದೇನೆ, ನಿಂತು ಮಾಡಿದ್ದೇನೆ, ಗುರುತಿಲ್ಲದವರ ಬೆನ್ನಿಗೆ ಹಣೆ ಕೊಟ್ಟೂ ಮಾಡಿದ್ದೇನೆ. ಒಂದು ದಿನವೂ ನನ್ನ ಸ್ಟೇಷನ್ ತಪ್ಪಿದ್ದಿಲ್ಲ. ಮನೆಯ ಹಾಸಿಗೆಯಲ್ಲಿ ಮಾತ್ರ ಫ್ಯಾನು ನೋಡುತ್ತಾ ಬಿದ್ದಿರುತ್ತೇನೆ. "ನಿಮಗೆ ಮಂಚ ದಂಡ. ಮೇಲೊಂದು ಹ್ಯಾಂಡಲ್ ಹಾಕಿಸ್ತೀನಿ, ಹಿಡ್ಕೊಂಡು ನಿಂತಿರಿ" ಎನ್ನುತ್ತಾಳೆ ನನ್ನ ಹೆಂಡತಿ ಸರೋಜ.

ಈ ಪ್ರತಿಭೆಯ ಮೇಲೆ ಕಣ್ಣು ಹಾಕಿದವಳು ನಮ್ಮ ಮಗಳು ನವ್ಯಾ. ಅವಳು ಡಿಸೈನ್ ಓದುತ್ತಿದ್ದಾಳೆ. ಇಂಜಿನಿಯರಿಂಗ್ ಬೇಡವೆಂದು ಹಟ ಹಿಡಿದು ಸೇರಿದವಳು. ಅಂದಿನಿಂದ ಸರೋಜ ನೆಂಟರ ಮುಂದೆ "ಅವಳು ಏನೋ ಓದ್ತಾ ಇದ್ದಾಳೆ" ಎಂದಷ್ಟೇ ಹೇಳುತ್ತಾಳೆ. ಆ 'ಏನೋ' ಮಗಳಿಗೆ ಚುಚ್ಚುತ್ತದೆ. ಅದಕ್ಕೇ ವಿದ್ಯಾರ್ಥಿಗಳ ಡಿಸೈನ್ ಸ್ಪರ್ಧೆಯನ್ನು ಅವಳು ಗೆಲ್ಲಲೇಬೇಕಿತ್ತು. ಗೆದ್ದ ವಸ್ತುವನ್ನು ಒಂದು ಕಂಪನಿ ತಯಾರಿಸಿ ಅಂಗಡಿಗಳಿಗೆ ಕಳಿಸುತ್ತದಂತೆ. ಅಂಗಡಿಯಲ್ಲಿ ಮಾರುವ ವಸ್ತುವನ್ನು 'ಏನೋ' ಎನ್ನಲು ಯಾವ ತಾಯಿಗೂ ಬಾಯಿ ಬರುವುದಿಲ್ಲ.

ಅವಳು ಮಾಡಿದ್ದು ಒಂದು ಕೊರಳದಿಂಬು. ಹೆಸರು 'ಝಪಕಿ', ಹಿಂದಿಯಲ್ಲಿ ತೂಕಡಿಕೆ ಎಂದರ್ಥ. ಕುತ್ತಿಗೆಗೆ ಸುತ್ತಿಕೊಂಡು, ಇಳಿಯುವ ಸ್ಟೇಷನ್ ಹೇಳಿ ಮಲಗಿಬಿಡಬೇಕು. ಸ್ಟೇಷನ್ ಹತ್ತಿರ ಬಂದಾಗ ದಿಂಬು ಗಡಗಡ ನಡುಗಿ ಎಬ್ಬಿಸುತ್ತದೆ. "ಅಪ್ಪಾ, ಸ್ಟೇಜ್ ಮೇಲೆ ನೀನೇ ಮಲಗಬೇಕು. ಆ್ಯಕ್ಟಿಂಗ್ ನಹೀ ಚಲೇಗಾ, ಸಚ್ಚಿ ನಿದ್ದೆ ಬೇಕು" ಎಂದಳು. ಜೀವನದಲ್ಲಿ ಮೊದಲ ಬಾರಿ ನನ್ನ ಯೋಗ್ಯತೆ ನೋಡಿ ಯಾರೋ ಕೆಲಸ ಕೊಟ್ಟಿದ್ದರು. ನಾನು ಉಬ್ಬಿಹೋದೆ.

ಸ್ಪರ್ಧೆ ಒಂದು ಭಾನುವಾರ, ಅಂಧೇರಿಯ ಸಭಾಂಗಣದಲ್ಲಿ. ನಿದ್ದೆ ಕೈಕೊಡದಿರಲಿ ಎಂದು ಸರೋಜ ಬೆಳಿಗ್ಗೆಯೇ ಮೊಸರನ್ನ ಕಲಸಿ, ಬೇಡವೆಂದರೂ ಬಡಿಸಿ ಕಳಿಸಿದ್ದಳು. ಅಲ್ಲಿ ಸುತ್ತಿ ನೋಡಿದರೆ ನಮ್ಮೆಲ್ಲರ ಮನೆಯ ಸಣ್ಣಪುಟ್ಟ ಗೋಳುಗಳನ್ನು ಒರೆಸಿ, ಬಣ್ಣ ಹಚ್ಚಿ ಮೇಜಿನ ಮೇಲಿಟ್ಟಿದ್ದರು. ಮಳೆ ಹನಿ ಬಿದ್ದೊಡನೆ ಬಟ್ಟೆಗಳನ್ನು ಕಿಟಕಿಯೊಳಕ್ಕೆ ತಾನೇ ಎಳೆದುಕೊಳ್ಳುವ ಹಗ್ಗ. ತನ್ನ ನೀರನ್ನು ತಾನೇ ಕುಡಿದು ಹಿಡಿಯಲ್ಲಿ ತುಂಬಿಕೊಳ್ಳುವ ಛತ್ರಿ. ಎಷ್ಟು ಸೀಟಿ ಆಯಿತೆಂದು ಲೆಕ್ಕ ಇಡುವ ಕುಕ್ಕರ್. ಈ ಮಕ್ಕಳು ನಮ್ಮ ಅಡುಗೆಮನೆಯ ಬಾಗಿಲಲ್ಲಿ ಯಾವಾಗ ನಿಂತು ನೋಡಿದರೋ ಎಂದುಕೊಳ್ಳುತ್ತಾ ತೇಲುಗಣ್ಣಾಗಿ ತಿರುಗಿದೆ. ಮೊಸರನ್ನ ಕೆಲಸ ಶುರುಮಾಡಿತ್ತು.

ವೇದಿಕೆಯ ಮೇಲೆ ಟ್ರೇನಿನ ಬೆಂಚು, ಸ್ಪೀಕರಿನಲ್ಲಿ ಟ್ರೇನಿನ ಸದ್ದು. ಬೊರಿವಲಿ ಬರುವಾಗ ದಿಂಬು ನಡುಗಬೇಕು, ನಾನು ಏಳಬೇಕು. ಅಷ್ಟೇ. ಚಕ್ರದ ಸದ್ದು ಕಿವಿಗೆ ಬಿದ್ದದ್ದೇ ತಡ, ನಾನು ಬಾಯಿ ತೆರೆದು ಮಲಗಿದೆನಂತೆ. ಸಭೆ ಚಪ್ಪಾಳೆ ತಟ್ಟಿತಂತೆ. ಎಲ್ಲವೂ 'ಅಂತೆ'; ನನಗೇನು ಗೊತ್ತು. ಆದರೆ ಬೊರಿವಲಿಯಲ್ಲಿ ಇಳಿಯುವವನು ಬೊರಿವಲಿಯಲ್ಲಿ ಎದ್ದರೆ ಉದ್ಧಾರವಾದ ಹಾಗೆಯೇ. ಹಿಂದಿನ ಸ್ಟೇಷನ್ನಿನಲ್ಲೇ ಬಾಗಿಲು ಸೇರದಿದ್ದರೆ ಜನ ಇಳಿಯಲು ಬಿಡುವುದಿಲ್ಲ. ಸ್ಪೀಕರ್ "ಪುಢೀಲ್ ಸ್ಟೇಷನ್, ಕಾಂದಿವಲಿ" ಎಂದಿತು; ಮುಂದಿನದು ಕಾಂದಿವಲಿ, ಅದರ ನಂತರದ್ದೇ ಬೊರಿವಲಿ. ದಿಂಬು ಇನ್ನೂ ಸುಮ್ಮನಿತ್ತು. ನಾನು ಕಣ್ಣು ಮುಚ್ಚಿಕೊಂಡೇ ಎದ್ದು, ಪಕ್ಕದಲ್ಲೇ ಕೂತಿದ್ದ ತೀರ್ಪುಗಾರ್ತಿಯೊಬ್ಬರ ಕೈಚೀಲ ನನ್ನದೆಂದು ಹೆಗಲಿಗೇರಿಸಿ, "ಬೊರಿವಲಿ ಉತರ್ನಾ ಹೈ ಕ್ಯಾ?" ಎಂದು, ಇಳಿಯುತ್ತೀರಾ ಎಂದು, ಮುಂದಿದ್ದ ಗಾಳಿಯನ್ನು ಕೇಳುತ್ತಾ ವೇದಿಕೆಯ ಅಂಚಿಗೆ ನಡೆದೆ. ನವ್ಯಾ ಓಡಿ ಬಂದು ಅಂಗಿ ಹಿಡಿದೆಳೆಯದಿದ್ದರೆ ಮೊದಲ ಸಾಲಿನವರ ಮಡಿಲಲ್ಲಿ ಇಳಿಯುತ್ತಿದ್ದೆ.

ಸಭೆಯೆಲ್ಲ ನಕ್ಕಿತು. ತೀರ್ಪುಗಾರ್ತಿ ಚೀಲ ವಾಪಸ್ಸು ತೆಗೆದುಕೊಂಡು, ಮೆಲ್ಲಗೆ ಕೇಳಿದರು: "ಬೇಟಾ, ಇನ್ಕೋ ಇಸ್ಕಿ ಜರೂರತ್ ಕ್ಯಾ ಹೈ?" ನವ್ಯಾ ನನ್ನ ಮುಖ ನೋಡಿದಳು. ದಿಂಬಿಲ್ಲದೆಯೇ ಏಳುವವನಿಗೆ ದಿಂಬಿನ ಅಗತ್ಯವೇನು ಎಂಬ ಪ್ರಶ್ನೆ ಅದು. ಬಹುಮಾನ ಸೀಟಿ ಎಣಿಸುವ ಕುಕ್ಕರಿಗೆ ಹೋಯಿತು. ನನಗಾದ ಸಂಕಟ ಅಷ್ಟಿಷ್ಟಲ್ಲ. ನಿದ್ದೆ ಮಾಡಿ ಮಗಳನ್ನು ಸೋಲಿಸಿದ ಅಪ್ಪ ಈ ಊರಿನಲ್ಲಿ ನಾನೊಬ್ಬನೇ ಇರಬೇಕು.

ಸಂಜೆ ವಿರಾರ್ ಲೋಕಲ್ ಹತ್ತಿದೆವು. ಭಾನುವಾರವಾದ್ದರಿಂದ ಕಿಟಕಿಯ ಸೀಟೇ ಸಿಕ್ಕಿತು. ಚೀಲದಲ್ಲಿ ಜಾಗವಿಲ್ಲವೆಂದು ನವ್ಯಾ ದಿಂಬನ್ನು ನನ್ನ ಕೊರಳಿಗೇ ಹಾಕಿದಳು. "ಸಾರಿ ಕಣೇ" ಎಂದೆ. "ಛೋಡ್ ನಾ ಅಪ್ಪಾ" ಎಂದು ಹೊರಗೆ ನೋಡಿದಳು. ಹಳದಿ ಬಿಸಿಲು ಅವಳ ಕೆನ್ನೆಯಿಂದ ನನ್ನ ಮೊಣಕಾಲಿಗೆ, ಅಲ್ಲಿಂದ ಎದುರು ಸೀಟಿಗೆ ಹೋಗಿ ಬರುತ್ತಿತ್ತು. ಆಮೇಲೆ ನಾನು ಸ್ಟೇಷನ್ನುಗಳೇ ಇಲ್ಲದ ಟ್ರೇನಿನಲ್ಲಿದ್ದೆ. ಎಲ್ಲರ ಕೊರಳಲ್ಲೂ ಮಗಳ ದಿಂಬು. ಮುಂಬಯಿಗೆ ಮುಂಬಯಿಯೇ ತಲೆ ವಾಲಿಸಿ ಮಲಗಿತ್ತು, ಯಾರಿಗೂ ಎಲ್ಲಿಯೂ ಇಳಿಯಬೇಕಾಗಿರಲಿಲ್ಲ. ಕೆಳಗೆ ನೀರು, ಮೇಲೆ ಬಿಳೀ ಕೊಕ್ಕರೆಗಳು, ಉಪ್ಪಿನ ವಾಸನೆಯ ಗಾಳಿ.

ಕಣ್ಣು ಬಿಟ್ಟರೆ ವಿರಾರ್. ಕೊನೆಯ ಸ್ಟೇಷನ್. ನನ್ನ ತಲೆ ಮಗಳ ಹೆಗಲ ಮೇಲಿತ್ತು. "ಬೊರಿವಲಿ?" ಎಂದೆ ಗಾಬರಿಯಿಂದ.

"ಕಬ್ ಕಾ ಗಯಾ, ಯಾವಾಗ್ಲೋ ಹೋಯ್ತು. ದಿಂಬು ಜೋರಾಗಿ ನಡುಗಿತು ಅಪ್ಪಾ, ಎದುರಿನವರೆಲ್ಲ ನೋಡಿದ್ರು. ನೀನು ಏಳಲೇ ಇಲ್ಲ." ಅವಳು ನಗುತ್ತಿದ್ದಳು. "ಇವತ್ತು ಗೆದ್ದಿದ್ರೂ ದಿಂಬು ಆಮೇಲೆ ಫೇಲ್ ಆಗ್ತಿತ್ತು. ಇಂಥ ನಿಜವಾದ ನಿದ್ದೆ ಮೇಲೆ ಟೆಸ್ಟೇ ಆಗಿರಲಿಲ್ಲ."

"ನೀನಾದ್ರೂ ಎಬ್ಬಿಸಬಾರದಾ?"

"ಎಬ್ಬಿಸೋಕೆ ಕೈ ಎತ್ತಿದ್ದೆ. ನೀನು ಹಾಗೆ ಮಲಗಿದ್ದನ್ನ ನಾನು ಯಾವತ್ತೂ ನೋಡೇ ಇಲ್ಲ ಅಪ್ಪಾ. ಬಿಟ್ಟೆ" ಎಂದಳು. ದಿಂಬಿನ ಪಟ್ಟಿ ಬಿಗಿಯಾಗಿದೆ ಎಂದು ನೆವ ಹೇಳಿ ಅದನ್ನು ಬಿಚ್ಚತೊಡಗಿದೆ.

ಈಗ ಅವಳು ಇನ್ನೂ ಜೋರಾಗಿ ನಡುಗುವ ದಿಂಬು ಮಾಡಿದ್ದಾಳೆ, ಮುಂದಿನ ಸ್ಪರ್ಧೆಗೆ. ಅದರ ಪರೀಕ್ಷೆಗೆಂದು ಭಾನುವಾರ ಸಂಜೆ ಅಂಧೇರಿಯಿಂದ ಟ್ರೇನು ಹತ್ತುತ್ತೇವೆ. ಮೊನ್ನೆ ನನಗೆ ನಿದ್ದೆಯೇ ಹತ್ತಲಿಲ್ಲ. ಕಣ್ಣು ಮುಚ್ಚಿ ಅವಳ ಹೆಗಲಿಗೆ ತಲೆಯಿಟ್ಟು ಕೂತಿದ್ದೆ. ಬೊರಿವಲಿ ಬಂತು. ದಿಂಬು ಹಲ್ಲು ಕಟಕಟ ಅನ್ನುವಂತೆ ನಡುಗಿತು. ಸತ್ತವನೂ ಎದ್ದು ಕೂರಬೇಕು, ಅಷ್ಟು ಚೆನ್ನಾಗಿತ್ತು. ಅವಳು ಉಸಿರು ಹಿಡಿದು ನನ್ನ ಮುಖಕ್ಕೆ ಬಗ್ಗಿದ್ದು ತಿಳಿಯಿತು. ವಿರಾರ್ ಇನ್ನೂ ದೂರವಿತ್ತು. ನಾನು ಕಣ್ಣು ಬಿಡಲಿಲ್ಲ.